ಒಂದು ಟನ್ ಹೊರುವ ಗಾಡಿ ಎರಿ ಹೊಲದಲ್ಲಿ ಎಷ್ಟು ಹೊರುತ್ತದೆ?

ವಿಜಯಪುರದ ಸುತ್ತಲಿನ ತಿಕೋಟಾ, ಬಬಲೇಶ್ವರ, ಬಸವನ ಬಾಗೇವಾಡಿ ಭಾಗದ ಹೊಲಗಳಲ್ಲಿ ಮತ್ತು ದ್ರಾಕ್ಷಿ ತೋಟಗಳಲ್ಲಿ ಬೋರಿನ ಮೋಟರು ಎತ್ತುವುದು, ದುರಸ್ತಿ ಮಾಡಿ ಮತ್ತೆ ಇಳಿಸುವುದು ನನ್ನ ಉದ್ಯೋಗ. ಮಳೆ ಬಿದ್ದ ಮೇಲೆ ಡೋಣಿ ನದಿ ಸಾಲಿನ ಎರಿ (ಕಪ್ಪು ಮಣ್ಣಿನ) ಭೂಮಿಗೆ ಸಾಮಾನ್ಯ ಪಿಕಪ್ ಗಾಡಿ ಇಳಿಸುವಂತಿಲ್ಲವಾದ್ದರಿಂದ ಫೋರ್ ವೀಲ್ ಡ್ರೈವ್ ಗಾಡಿ ಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಯಾವುದನ್ನು ಕೊಳ್ಳಬೇಕೆಂಬುದನ್ನು ಮಾತ್ರ ಜಾಹೀರಾತು ನೋಡಿ ನಿರ್ಧರಿಸದೆ, ತೂಕದ ಕಾಟಾದ ಮೇಲೆ ನಿಲ್ಲಿಸಿ, ಗಾಡಿಯ ಕೆಳಗೆ ಮಲಗಿ ನೋಡಿ ನಿರ್ಧರಿಸಿದೆ.

ನನ್ನ ಹೇರು ಎಷ್ಟೆಂಬುದರಿಂದಲೇ ಲೆಕ್ಕ ಆರಂಭವಾಯಿತು. ಎರಡು ಇಂಚಿನ, ಮಧ್ಯಮ ದರ್ಜೆಯ, ಇಪ್ಪತ್ತು ಅಡಿ ಉದ್ದದ ಒಂದು ಜಿ.ಐ. ಪೈಪು ಸುಮಾರು 30 ಕಿಲೋ ತೂಗುತ್ತದೆ. 400 ಅಡಿ ಆಳದ ಬೋರಿಗೆ ಇಂಥ 20 ಪೈಪುಗಳು ಬೇಕು, ಅಂದರೆ 600 ಕಿಲೋ. ಮೋಟರು, ಪಂಪು, ಕೇಬಲ್, ಟ್ರೈಪಾಡ್, ಚೈನ್ ಬ್ಲಾಕ್ ಸೇರಿ ಇನ್ನೊಂದು 200 ಕಿಲೋ. ನನ್ನನ್ನೂ ಸೇರಿಸಿ ನಾಲ್ವರ ತೂಕ 260 ಕಿಲೋ. ಹೀಗೆ ಕಾಗದದ ಮೇಲೆಯೇ ಒಂದು ಟನ್ ದಾಟಿತು, ಪೈಪು ಇಡಲು ಮಾಡಿಸುವ ಕಬ್ಬಿಣದ ಸ್ಟ್ಯಾಂಡಿನ ತೂಕ ಇದರಲ್ಲಿ ಸೇರಿಲ್ಲ.

ಇಲ್ಲಿ ನಮ್ಮ ಕಡೆಯ ಬಹುತೇಕ ಜನರು ಗಮನಿಸದ ಸಂಗತಿಯೊಂದಿದೆ. ಫೋರ್ ವೀಲ್ ಡ್ರೈವ್ ಎಂಬುದು ಗಾಡಿಯ ಹೊರುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಎಂಜಿನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮುಂದಿನ ಡಿಫರೆನ್ಷಿಯಲ್, ಅದಕ್ಕೆ ಬಲ ಒಯ್ಯುವ ಮುಂದಿನ ಪ್ರೊಪೆಲರ್ ಶಾಫ್ಟ್ ಇವುಗಳ ತೂಕವೆಲ್ಲ ಗಾಡಿಯ ಸ್ವಂತ ತೂಕಕ್ಕೆ ಸೇರುವುದರಿಂದ, ಒಟ್ಟು ತೂಕದ ಮಿತಿ ಒಂದೇ ಆಗಿದ್ದರೆ ಹೇರಿಗೆ ಉಳಿಯುವ ಪಾಲು ಕಡಿಮೆಯಾಗುತ್ತದೆ. ಎಂಜಿನಿನ ಬಲವೂ ಅಷ್ಟೇ. ಬೊಲೆರೊ ಕ್ಯಾಂಪರಿನ ಎಂಜಿನ್ ಕೇವಲ 75 ಅಶ್ವಶಕ್ತಿಯದು, ಆದರೆ ಅದಕ್ಕೆ ಕಂಪನಿ ಹೇಳುವ ಹೇರು 1000 ಕಿಲೋ. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್ 204 ಅಶ್ವಶಕ್ತಿಯದಾದರೂ ನಮ್ಮ ದೇಶದಲ್ಲಿ ಅದರ ಅಧಿಕೃತ ಹೇರು ಕ್ಯಾಂಪರಿಗಿಂತ ಬಹಳ ಕಡಿಮೆ. ಇಸುಜು ವಿ-ಕ್ರಾಸ್ ಕೂಡ ಅದೇ ಸಾಲಿನದು. ಅವುಗಳನ್ನು ಕೆಟ್ಟ ಗಾಡಿಗಳೆಂದು ನಾನು ಹೇಳುತ್ತಿಲ್ಲ. ಐದು ಜನ ಕುಳಿತು ದೂರದ ಪ್ರಯಾಣ ಮಾಡಲು, ನಡುವೆ ಕೆಟ್ಟ ದಾರಿ ಬಂದರೆ ದಾಟಲು ಅವು ಬಲು ಚೆನ್ನಾಗಿವೆ. ಪೈಪು ಹೊರುವುದು ಅವುಗಳ ಕೆಲಸವಲ್ಲ. ಟಾಟಾ ಯೋಧ 2.0 ಗಾಡಿಗೆ 2000 ಕಿಲೋ ಹೇರು ಎಂದು ಕಂಪನಿ ಹೇಳಿರುವುದು ನಿಜವಾದರೂ, ಒಂದೇ ಹೆಸರಿನ ಗಾಡಿಯಲ್ಲಿ ಹಲವು ಮಾದರಿಗಳಿರುವುದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಬಾರದು. ಆರ್.ಸಿ.ಯಲ್ಲಿ ಬರೆದಿರುವ ಒಟ್ಟು ತೂಕದಿಂದ, ಡೀಸೆಲ್ ತುಂಬಿ ಸಾಮಾನು-ಸಲಕರಣೆ ಇಟ್ಟು ಆಳುಗಳನ್ನು ಕೂರಿಸಿದಾಗ ಕಾಟಾದಲ್ಲಿ ಬರುವ ತೂಕವನ್ನು ಕಳೆದರೆ ಉಳಿಯುವುದೇ ನಿಜವಾದ ಹೇರು.

ಕಾಟಾದ ಮೇಲೆ ಒಟ್ಟು ತೂಕವನ್ನಷ್ಟೇ ನೋಡಿ ಬರುವುದರಿಂದ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ಹತ್ತಿಸಿ ಒಂದು ತೂಕ, ಪೂರ್ತಿ ಗಾಡಿಯ ತೂಕ, ಬಳಿಕ ಹಿಂದಿನ ಗಾಲಿಗಳದ್ದು ಮಾತ್ರ ಎಂದು ಮೂರು ಸಲ ತೂಗಬೇಕು. ಕಾಟಾದ ಹಲಗೆ ಮತ್ತು ಅದರ ಪಕ್ಕದ ನೆಲ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಈ ಲೆಕ್ಕ ಸರಿಹೊಂದುತ್ತದೆ. ಪೈಪುಗಳು ಹಿಂದಕ್ಕೆ ಚಾಚಿಕೊಂಡಾಗ ಏನಾಗುತ್ತದೆ ಎಂಬುದು ನನಗೆ ಅಂಕಿಗಳಲ್ಲಿ ಕಂಡದ್ದು ಹೀಗೆಯೇ. ಎರಡು ಆಕ್ಸಲ್‌ಗಳ ನಡುವೆ ಮೂರು ಮೀಟರ್ ಅಂತರವಿರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ 300 ಕಿಲೋ ಭಾರ ಕುಳಿತರೆ, ಹಿಂದಿನ ಆಕ್ಸಲ್‌ಗೆ 300 ಅಲ್ಲ, 400 ಕಿಲೋ ಬೀಳುತ್ತದೆ. ಮುಂದಿನ ಆಕ್ಸಲ್ 100 ಕಿಲೋ ಹಗುರವಾಗುತ್ತದೆ. ಹಗುರವಾದ ಮುಂದಿನ ಗಾಲಿಗಳಿಗೆ ಹಿಡಿತವಿರುವುದಿಲ್ಲ, ಹಿಡಿತವಿಲ್ಲದ ಗಾಲಿಗೆ ಎಂಜಿನಿನ ಬಲ ಕೊಟ್ಟರೂ ಅದು ರಾಡಿಯಲ್ಲಿ ಸುಮ್ಮನೆ ತಿರುಗುತ್ತದೆ. ಅಷ್ಟು ಹಣ ಕೊಟ್ಟು ಕೊಂಡ ಮುಂದಿನ ಡ್ರೈವ್ ಬೇಕಾದ ಹೊತ್ತಿಗೇ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ನನ್ನ ಸ್ಟ್ಯಾಂಡನ್ನು ಕ್ಯಾಬಿನ್ನಿನ ಮೇಲಿಂದ ಬಾನೆಟ್ಟಿನ ಮುಂಭಾಗದವರೆಗೆ ಚಾಚುವಂತೆ ಮಾಡಿಸಿ, ಮೋಟರು ಮತ್ತು ಚೈನ್ ಬ್ಲಾಕನ್ನು ಕ್ಯಾಬಿನ್ನಿನ ಬೆನ್ನಿಗೇ ಕಟ್ಟಿಸಿದ್ದೇನೆ.

ಬಾಳಿಕೆಯ ವಿಷಯಕ್ಕೆ ಬಂದರೆ, ಪರಿಚಿತರ ಹಳೆಯ ಗಾಡಿಗಳನ್ನು ನೋಡಿದ್ದರಿಂದ ಕಲಿತದ್ದೇ ಹೆಚ್ಚು. ಹೇರು ಹೊತ್ತು ಸವೆದ ಪಿಕಪ್ಪಿನ ಚಾಸಿ ಸಾಮಾನ್ಯವಾಗಿ ಕ್ಯಾಬಿನ್ ಮುಗಿದು ಹಿಂದಿನ ತೊಟ್ಟಿ ಆರಂಭವಾಗುವ ಜಾಗದಲ್ಲಿ, ಇಲ್ಲವೇ ಹಿಂದಿನ ಲೀಫ್ ಸ್ಪ್ರಿಂಗ್ ತೂಗುವ ಬ್ರಾಕೆಟ್ಟಿನ ಬಳಿ ಬಿರಿಯಲು ಆರಂಭಿಸುತ್ತದೆ. ತೊಳೆದ ಮೇಲೆ ಅಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅದನ್ನು ಬಣ್ಣದ ದೋಷವೆಂದು ಬಿಡಬಾರದು. ಹಿಂದಿನ ಟೈರುಗಳ ಒಳಬದಿ ಮಾತ್ರ ಹೆಚ್ಚು ಸವೆದಿದ್ದರೆ ಆಕ್ಸಲ್ ಕೊಳವೆ ಬಾಗಿದೆಯೇ ಎಂದು ನೋಡಬೇಕು. ಹಿಂದಿನ ಗಾಲಿಯ ನಡುವೆ ಸುತ್ತಲೂ ಬೋಲ್ಟುಗಳಿರುವ ಉಬ್ಬಿದ ಹಬ್ ಕಂಡರೆ ಅದು ಸಾಮಾನ್ಯವಾಗಿ ಫುಲ್ ಫ್ಲೋಟಿಂಗ್ ಆಕ್ಸಲ್ ಎಂದು ತಿಳಿಯಬಹುದು. ಅದರಲ್ಲಿ ಗಾಡಿಯ ಭಾರವನ್ನು ಆಕ್ಸಲ್ಲಿನ ಹೊರಕೊಳವೆ ಹೊರುತ್ತದೆ, ಒಳಗಿನ ಶಾಫ್ಟ್ ಗಾಲಿಯನ್ನು ತಿರುಗಿಸುವುದಷ್ಟನ್ನೇ ಮಾಡುತ್ತದೆ. ಸೆಮಿ ಫ್ಲೋಟಿಂಗ್ ಆದರೆ ಎರಡೂ ಕೆಲಸ ಶಾಫ್ಟಿನ ಮೇಲೆಯೇ ಬೀಳುತ್ತವೆ, ಆದ್ದರಿಂದ ಅಂಥ ಗಾಡಿಯಲ್ಲಿ ಹೇರಿನ ಮಿತಿ ಮೀರಿದರೆ ಬೇರಿಂಗ್ ಬೇಗ ಹಾಳಾಗುತ್ತದೆ.

ಗ್ಯಾರೇಜಿಗೆ ಹೋದರೆ ಮಿಸ್ತ್ರಿಗಳು ಹೇಳುವ ಮೊದಲ ಮಾತು, "ಹಿಂದ ಎರಡ ಪಟ್ಟಿ ಹೆಚ್ಗಿ ಹಾಕಸ್ರಿ ಸಾಹುಕಾರ್ರ, ಏನೂ ಆಗಂಗಿಲ್ಲ" ಎಂಬುದು. ಲೀಫ್ ಸ್ಪ್ರಿಂಗಿಗೆ ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ ಎಂಬುದು ಸತ್ಯವೇ. ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಟೈರುಗಳ ಮಿತಿ ಮೊದಲಿನಷ್ಟೇ ಇರುತ್ತದೆ. ಮೊದಲು ಸ್ಪ್ರಿಂಗ್ ನುಂಗುತ್ತಿದ್ದ ಹೊಡೆತ ಈಗ ನೇರವಾಗಿ ಚಾಸಿಗೆ ತಾಗುತ್ತದೆ. ಹೇರು ಹೆಚ್ಚಾಗಿದೆ ಎಂದು ಕಣ್ಣಿಗೆ ತೋರಿಸುತ್ತಿದ್ದ ಕುಸಿತವೂ ಮರೆಯಾಗುವುದರಿಂದ, ಇದು ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ನನ್ನ ಅಭಿಪ್ರಾಯ. ಟೈರಿನ ಮಿತಿಯನ್ನಂತೂ ಯಾರೂ ಓದುವುದಿಲ್ಲ. ಟೈರಿನ ಬದಿಯಲ್ಲಿ ಅಳತೆಯ ಪಕ್ಕದಲ್ಲಿರುವ ಅಂಕಿ 100 ಆದರೆ ಒಂದು ಟೈರು 800 ಕಿಲೋ, 104 ಆದರೆ 900 ಕಿಲೋ, 109 ಆದರೆ 1030 ಕಿಲೋ ಹೊರಬಲ್ಲದು, ಅದೂ ನಿಗದಿತ ಗಾಳಿ ತುಂಬಿದ್ದಾಗ. ಇನ್ನು ದಂಡದ ಮಾತು: 2019ರ ತಿದ್ದುಪಡಿಯ ಬಳಿಕ ಮಿತಿಮೀರಿದ ಹೇರಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ.

ಎರಿ ಮಣ್ಣು ಮತ್ತು ಖಾನಾಪುರದ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಗಾಡಿಯನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸುತ್ತವೆ. ಕೆಂಪು ರಾಡಿಯ ಕೆಳಗೆ ಸಾಮಾನ್ಯವಾಗಿ ಗಟ್ಟಿ ನೆಲ ಸಿಗುವುದರಿಂದ, ಕಿರಿದಾದ ಟೈರಿನ ಹಗುರ ಗಾಡಿ ರಾಡಿಯನ್ನು ಸೀಳಿಕೊಂಡು ಆ ನೆಲವನ್ನು ಹಿಡಿಯುತ್ತದೆ. ತಯಾರಿಕೆ ನಿಂತ ಮೇಲೆಯೂ ಮಾರುತಿ ಜಿಪ್ಸಿಗೆ ಆ ಕಡೆ ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣವಿರಬೇಕು. ಎರಿಯಲ್ಲಿ ಹಾಗಲ್ಲ. ನೀರು ಕುಡಿದು ಉಬ್ಬಿದ ಎರಿ ಆಳದವರೆಗೂ ಮೆತ್ತಗಿರುತ್ತದೆ, ಟೈರಿನ ಹಲ್ಲುಗಳ ನಡುವೆ ಹೂರಣದಂತೆ ತುಂಬಿಕೊಂಡು ಅದನ್ನು ಬೋಳು ಟೈರಾಗಿಸುತ್ತದೆ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಗಾಲಿಯನ್ನೇ ತಡೆಯುತ್ತದೆ. ಇಲ್ಲಿ ಅಗಲವಾದ ಟೈರು, ಕಡಿಮೆ ಗಾಳಿ ಒಳ್ಳೆಯದು. ಆದರೆ ಗಾಳಿ ಇಳಿಸಿದರೆ ಟೈರಿನ ಹೊರುವ ಮಿತಿಯೂ ಇಳಿಯುತ್ತದೆ. ಹೀಗಾಗಿ ಎರಿ ಹಸಿಯಿರುವಾಗ ನಾನು ಕಾಗದದ ಮೇಲಿನ ಹೇರಿನ ಅರ್ಧಕ್ಕಿಂತ ಹೆಚ್ಚು ಹಾಕುವುದಿಲ್ಲ, ಉಳಿದ ಪೈಪುಗಳನ್ನು ಡಾಂಬರು ರಸ್ತೆಯ ಅಂಚಿನಲ್ಲಿ ಇಳಿಸಿ ಎರಡನೆಯ ಸಲ ತರುತ್ತೇನೆ. ನಾಲ್ಕೂ ಗಾಲಿಗೆ ಡ್ರೈವ್ ಇದ್ದರೂ ಎಡ-ಬಲ ಗಾಲಿಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇಲ್ಲದಿದ್ದರೆ ಒಂದೊಂದು ಆಕ್ಸಲ್‌ನಲ್ಲಿ ಜಾರುವ ಗಾಲಿಯೇ ಸುತ್ತುತ್ತಿರುತ್ತದೆ. ಈ ವಿಷಯದಲ್ಲಿ ಎರಡೂ ಆಕ್ಸಲ್‌ಗಳಿಗೆ ಲಾಕ್ ಇರುವ ಫೋರ್ಸ್ ಗೂರ್ಖಾ ನಾನು ನೋಡಿದವುಗಳಲ್ಲೆಲ್ಲ ಮುಂದಿತ್ತು, ಆದರೆ ಪೈಪು ಇಡಲು ಅದರಲ್ಲಿ ಜಾಗವೆಲ್ಲಿದೆ? ಥಾರ್ ಗಾಡಿಯನ್ನೂ ಇದೇ ಕಾರಣಕ್ಕೆ ಬಿಟ್ಟೆ.

ಕೊನೆಗೆ ಫೋರ್ ವೀಲ್ ಡ್ರೈವ್ ಇರುವ ಕ್ಯಾಂಪರನ್ನೇ ತೆಗೆದುಕೊಂಡೆ. ಲೀಫ್ ಸ್ಪ್ರಿಂಗ್‌ನ ಸರಳ ಹಿಂಭಾಗ, ತಾಲ್ಲೂಕು ಮಟ್ಟದಲ್ಲೇ ಸಿಗುವ ಬಿಡಿಭಾಗ, ಯಾವ ಗ್ಯಾರೇಜಿನಲ್ಲಾದರೂ ಬಿಚ್ಚಿ ಜೋಡಿಸಬಲ್ಲ ರಚನೆ ಇವು ಮೂರು ನನಗೆ ಅಶ್ವಶಕ್ತಿಗಿಂತ ಮುಖ್ಯವೆನಿಸಿದವು. ಡಾಂಬರು ರಸ್ತೆ ಸಿಕ್ಕ ಕೂಡಲೇ ಟೂ ವೀಲ್‌ಗೆ ಬದಲಿಸಬೇಕೆಂದು ಚಾಲಕನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಇಂಥ ಗಾಡಿಗಳಲ್ಲಿ ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಒಣ ರಸ್ತೆಯ ತಿರುವುಗಳಲ್ಲಿ ಫೋರ್ ವೀಲ್‌ನಲ್ಲೇ ಓಡಿಸಿದರೆ ಶಾಫ್ಟಿನ ಕ್ರಾಸುಗಳು (ಕೀಲುಗಳು) ಮತ್ತು ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಬೇಗ ಸವೆಯುತ್ತವೆ. ಹಳ್ಳ ದಾಟುವ ಮೊದಲು ಸ್ವಲ್ಪ ಹೊತ್ತು ನಿಲ್ಲಿಸಿ ಆಕ್ಸಲ್ ತಣಿಯಲು ಬಿಡುವುದೂ ರೂಢಿಯಾಗಿದೆ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡಲು ಇರುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಮೂಲಕ ನೀರು ಒಳಗೆಳೆದುಕೊಳ್ಳುತ್ತದೆ. ಮರುದಿನ ಮೇಲಿನ ಪ್ಲಗ್ ಬಿಚ್ಚಿ ಬೆರಳಾಡಿಸಿ ನೋಡಿದಾಗ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಆ ದಿನದ ಕೆಲಸ ಎಷ್ಟೇ ಅವಸರದ್ದಾಗಿರಲಿ, ಎಣ್ಣೆ ಬದಲಿಸದೆ ಗಾಡಿಯನ್ನು ಹೊರಗೆ ತೆಗೆಯುವುದಿಲ್ಲ.