ಬೂಸಾ ಡಬ್ಬಿಯ ಹುಳ, ಗೊದ್ದಗಳ ಊಟ

ನಾನು ಸಾಕಿದ ಮೊದಲ ಗೊದ್ದಗಳ, ಅಂದರೆ ದೊಡ್ಡ ಕಪ್ಪು ಇರುವೆಗಳ, ಗೂಡು ಒಂದೇ ಒಂದು ಜಿರಲೆಯಿಂದ ನಾಶವಾಯಿತು. ಮುಂಗಾರಿನ ಒಂದು ಸಂಜೆ, ಬೀದಿದೀಪದ ಕೆಳಗೆ ರೆಕ್ಕೆ ಉದುರಿಸಿಕೊಂಡು ಓಡಾಡುತ್ತಿದ್ದ ರಾಣಿಯನ್ನು ಹಿಡಿದು ತಂದು ಗಾಜಿನ ಟ್ಯೂಬಿನಲ್ಲಿಟ್ಟಿದ್ದೆ. ವರ್ಷ ಕಳೆಯುವಷ್ಟರಲ್ಲಿ ಸುಮಾರು 40 ಕೆಲಸಗಾರ ಇರುವೆಗಳಾಗಿದ್ದವು. ಅಡುಗೆಮನೆಯಲ್ಲಿ ಸಿಕ್ಕಿದ ಜಿರಲೆಯನ್ನು ಕೊಂದು ಹಾಕಿದೆ. ಬೆಳಿಗ್ಗೆ ನೋಡಿದರೆ ಇರುವೆಗಳು ಅಂಗಾತ ಬಿದ್ದು ಕಾಲು ಅದುರಿಸುತ್ತಿದ್ದವು. ಮೂರನೇ ದಿನ ರಾಣಿಯೂ ಸತ್ತಳು. ಕೆಳಮನೆಯವರು ಆ ವಾರ ಜಿರಲೆಗೆ ಔಷಧಿ ಹೊಡೆಸಿದ್ದರಂತೆ, ನನಗೆ ಗೊತ್ತಾದದ್ದು ಆಮೇಲೆ. ಅವತ್ತಿನಿಂದ ಹೊರಗಿನ ಹುಳ ನನ್ನ ಗೂಡುಗಳಿಗೆ ಹೋಗಿಲ್ಲ. ಬೇಕಾದ ಹುಳವನ್ನು ಮನೆಯಲ್ಲೇ ಬೆಳೆಸುತ್ತೇನೆ.

ಹುಳವೇ ಯಾಕೆ ಅಂತ ಕೇಳುವವರಿದ್ದಾರೆ. ಬೆಳೆದ ಇರುವೆಗೆ ಸಕ್ಕರೆ ನೀರೋ ಜೇನೋ ಇದ್ದರೆ ದಿನ ಸಾಗುತ್ತದೆ. ಗಟ್ಟಿ ಪದಾರ್ಥವನ್ನು ಅದು ನುಂಗಲಾರದು, ರಸ ಮಾತ್ರ ಹೀರುತ್ತದೆ. ಆದರೆ ಮರಿ ಬೆಳೆಯುವುದಕ್ಕೆ, ರಾಣಿ ಮೊಟ್ಟೆಯಿಡುವುದಕ್ಕೆ ಪ್ರೋಟೀನ್ ಬೇಕೇ ಬೇಕು. ಹುಳ ನಿಂತರೆ ಗೂಡು ಬೆಳೆಯುವುದು ನಿಲ್ಲುತ್ತದೆ.

ಶುರುವಿನಲ್ಲಿ ಕ್ರಿಕೆಟ್ ಹುಳ ಸಾಕಿ ನೋಡಿದೆ. ರಾತ್ರಿಯೆಲ್ಲ ಚಿರ್‌ಗುಟ್ಟುತ್ತವೆ, ಎರಡು ದಿನ ನೀರು ತಪ್ಪಿದರೆ ಸಾಯುತ್ತವೆ, ಸತ್ತವು ನಾರುತ್ತವೆ. ಒಂದೂವರೆ ತಿಂಗಳಿಗೆ ಬಿಟ್ಟೆ. ಒಂದೆರಡು ಗೂಡು ಇಟ್ಟುಕೊಂಡವರಿಗೆ ಅಷ್ಟು ಪಾಡು ಬೇಕಿಲ್ಲ.

ಆಮೇಲೆ ತಂದದ್ದು ಮೀಲ್‌ವರ್ಮ್. ಅರೋವಾನಾ ಮೀನಿಗೂ ಪಕ್ಷಿಗಳಿಗೂ ಹಾಕಲು ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಹಳದಿ ಹುಳ, ಒಂದು ಜಾತಿಯ ದುಂಬಿಯ ಮರಿ. ಅಂಗೈಯಗಲದ ಡಬ್ಬಿಯಲ್ಲಿ ತಂದದ್ದು ನೂರು ಹುಳ ಇದ್ದಿರಬಹುದು. ಈಗ ನನ್ನಲ್ಲಿರುವುದೆಲ್ಲ ಅವುಗಳ ಸಂತಾನವೇ. ಹಸುವಿನ ಮೇವಿನ ಅಂಗಡಿಯಿಂದ ಒಂದು ಕೆಜಿ ಗೋಧಿ ಬೂಸಾ ತಂದು, ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿದ ಮೇಲೆ ಪ್ಲಾಸ್ಟಿಕ್ ಡಬ್ಬಿಗೆ ನಾಲ್ಕು ಬೆರಳು ಎತ್ತರ ತುಂಬಿದೆ. ಹುರಿಯುವುದನ್ನು ಬಿಡಬೇಡಿ. ಬೂಸಾದ ಜೊತೆ ನುಸಿ ಬರುತ್ತದೆ, ಅದು ಸಾಯಬೇಕು. ನುಣುಪಾದ ಪ್ಲಾಸ್ಟಿಕ್ ಗೋಡೆಯನ್ನು ಈ ಹುಳವೂ ಹತ್ತಲಾರದು, ಅದರ ದುಂಬಿಯೂ ಹತ್ತಲಾರದು. ಮುಚ್ಚಳದ ನಡುಭಾಗ ಕತ್ತರಿಸಿ ಸೊಳ್ಳೆ ಜಾಲರಿ ಅಂಟಿಸಿದರೆ ಮನೆ ತಯಾರು.

ಅಲ್ಲೂ ಮೊದಲ ಮಳೆಗಾಲದಲ್ಲಿ ಎಡವಿದೆ. ಹುಳಕ್ಕೆ ನೀರಿನಂಶ ಬೇಕಲ್ಲ ಅಂತ ದಿನಾ ಕ್ಯಾರೆಟ್, ಆಲೂಗಡ್ಡೆ ಹಾಕಿದೆ. ಬೂಸಾ ಮುದ್ದೆಗಟ್ಟಿತು, ಬೂಷ್ಟು ಬಂತು, ಡಬ್ಬಿಯ ಅಂಚಿನಲ್ಲಿ ಬೂದಿ ಉದುರಿಸಿದಂತೆ ನುಸಿ ಹರಿದಾಡತೊಡಗಿತು. ಆಗ ಊರಿಂದ ಬಂದಿದ್ದ ಅಮ್ಮ ಬೂಸಾವನ್ನು ಬೆರಳಲ್ಲಿ ಹಿಚುಕಿ ನೋಡಿದಳು. "ಹಾಸಿಗೆ ಒದ್ದೆ ಆಗಿದೆ ಕಣೋ. ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು" ಅಂದಳು.

ನಮ್ಮದು ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ 'ಜ್ವರ' ಅನ್ನುತ್ತಾರೆ. ರೇಷ್ಮೆ ಹುಳ ನಾಲ್ಕು ಜ್ವರ ದಾಟಿ ಹಣ್ಣಾಗುತ್ತದೆ, ಆಮೇಲೆ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಏರುತ್ತದೆ. ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದಿಲ್ಲ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಹುಳದ ಮನೆಗೆ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುವುದು ಚಿಕ್ಕಂದಿನಲ್ಲಿ ನನ್ನ ಕೆಲಸವಾಗಿತ್ತು. ಮೀಲ್‌ವರ್ಮಿಗೆ ನಾಲ್ಕೇ ಜ್ವರ ಅಂತ ಲೆಕ್ಕವಿಲ್ಲ, ಹತ್ತಕ್ಕೂ ಹೆಚ್ಚು ಸಲ ಪೊರೆ ಬಿಡುತ್ತದೆ. ಆದರೆ ಅಮ್ಮ ಹೇಳಿದ್ದು ಇದಕ್ಕೂ ಸರಿಯಾಗಿ ಹೊಂದಿತು. ಬೂಸಾ ಪೂರ್ತಿ ಬದಲಾಯಿಸಿದೆ. ಈಗ ವಾರಕ್ಕೊಮ್ಮೆ ನಾಲ್ಕೈದು ಬಿಲ್ಲೆ ಕ್ಯಾರೆಟ್ ಮಾತ್ರ. ಅದನ್ನೂ ಒರೆಸಿ, ಬೂಸಾದ ಮೇಲೆ ಒಂದು ರಟ್ಟಿನ ತುಂಡಿಟ್ಟು ಅದರ ಮೇಲೆ ಇಡುತ್ತೇನೆ, ಮಾರನೇ ದಿನ ತೆಗೆಯುತ್ತೇನೆ. ಮಳೆ ಹಿಡಿದ ವಾರದಲ್ಲಿ ಅದೂ ಇಲ್ಲ.

ನನ್ನ ಅನುಭವದಲ್ಲಿ ಈ ಸಾಕಣೆ ಕೆಡುವುದು ಮರೆವಿನಿಂದಲ್ಲ, ಅತಿ ಉಪಚಾರದಿಂದ. ಹದಿನೈದು ದಿನ ಊರಿಗೆ ಹೋಗಿ ಬಂದಾಗಲೂ ಡಬ್ಬಿ ಬಿಟ್ಟು ಹೋದ ಹಾಗೇ ಇತ್ತು.

ಒಂದು ಕೆಲಸ ಮಾತ್ರ ತಪ್ಪಿಸುವಂತಿಲ್ಲ. ದುಂಬಿಗಳು ತಮ್ಮ ಮೊಟ್ಟೆಯನ್ನೂ ಪ್ಯೂಪಾವನ್ನೂ (ಹುಳ ದುಂಬಿಯಾಗುವ ಮೊದಲಿನ ಕೋಶದ ಹಂತ) ತಿನ್ನುತ್ತವೆ. ಅದಕ್ಕೇ ಮೂರು ಡಬ್ಬಿ ಇಟ್ಟಿದ್ದೇನೆ: ದುಂಬಿಗೆ ಒಂದು, ಹುಳಕ್ಕೆ ಒಂದು, ಪ್ಯೂಪಾಗೆ ಒಂದು. ಎರಡು ಮೂರು ವಾರಕ್ಕೊಮ್ಮೆ ದುಂಬಿಗಳನ್ನು ಜರಡಿ ಹಿಡಿದು ಹೊಸ ಬೂಸಾಕ್ಕೆ ಹಾಕುತ್ತೇನೆ. ಕೆಳಗಿಳಿದ ಹಳೇ ಬೂಸಾದಲ್ಲಿ ಕಣ್ಣಿಗೆ ಸುಲಭಕ್ಕೆ ಕಾಣದ ಮೊಟ್ಟೆಗಳಿರುತ್ತವೆ, ಅದನ್ನು ಎಸೆಯಬಾರದು. ಒಂದು ತಿಂಗಳು ಸುಮ್ಮನೆ ಬಿಟ್ಟರೆ ಬೂಸಾ ತಾನಾಗಿ ಅಲುಗಾಡುವಂತೆ ಕಾಣುತ್ತದೆ. ಅಮ್ಮ ಅದಕ್ಕೆ 'ಚಾಕಿ ಡಬ್ಬಿ' ಅಂತ ಹೆಸರಿಟ್ಟಿದ್ದಾಳೆ; ಎಳೆಯ ರೇಷ್ಮೆ ಹುಳ ಸಾಕುವುದಕ್ಕೆ ಚಾಕಿ ಅನ್ನುತ್ತಾರೆ. ಮೊಟ್ಟೆಯಿಂದ ದುಂಬಿಯಾಗಲು ಬೆಂಗಳೂರಿನ ಹವೆಯಲ್ಲಿ ನನಗೆ ನಾಲ್ಕು ತಿಂಗಳ ಮೇಲೆಯೇ ಹಿಡಿದಿದೆ, ಚಳಿಗಾಲದಲ್ಲಿ ಇನ್ನೂ ನಿಧಾನ. ಆದ್ದರಿಂದ ಮೊದಲ ಅರ್ಧ ವರ್ಷ ಕೈಹಾಕಿ ಖಾಲಿ ಮಾಡಬೇಡಿ.

ಆದರೆ ಹತ್ತೇ ಇರುವೆ ಇರುವ ಎಳೆಯ ಗೂಡಿಗೆ ಮೀಲ್‌ವರ್ಮ್ ದೊಡ್ಡದಾಯಿತು. ಅರ್ಧ ತಿಂದು ಬಿಟ್ಟದ್ದು ಕೊಳೆಯುತ್ತದೆ. ಅಂಥ ಗೂಡಿಗೆ ನಾನು ಕಂಡುಕೊಂಡದ್ದು ಎಲ್ಲರ ಅಡುಗೆಮನೆಯಲ್ಲೂ ಒಮ್ಮೆ ಬಂದುಹೋಗಿರುವ ಹುಳವನ್ನೇ. ಹಳೇ ರವೆಯಲ್ಲಿ, ಮೈದಾದಲ್ಲಿ ಬೀಳುವ ಕೆಂಗಂದು ಬಣ್ಣದ, ಮೂರು ನಾಲ್ಕು ಮಿಲಿಮೀಟರ್ ಉದ್ದದ ದುಂಬಿ, ಟ್ರೈಬೋಲಿಯಂ. ಪ್ರಯೋಗಾಲಯಗಳಲ್ಲಿ ಇದನ್ನು 95 ಪಾಲು ಗೋಧಿ ಹಿಟ್ಟು, 5 ಪಾಲು ಯೀಸ್ಟ್ ಬೆರೆಸಿ ಬೆಳೆಸುತ್ತಾರೆ. ನಾನೂ ಅದೇ ಮಾಡಿದೆ. ಇದಕ್ಕೆ ಕ್ಯಾರೆಟ್ ಕೂಡ ಬೇಡ, ಹಿಟ್ಟಿನಲ್ಲಿರುವ ತೇವವೇ ಸಾಕು. ಬೆಚ್ಚಗಿನ ಜಾಗದಲ್ಲಿ ತಿಂಗಳು ಒಂದೂವರೆ ತಿಂಗಳಿಗೆ ಹೊಸ ತಲೆಮಾರು. ಜರಡಿ ಹಿಡಿದರೆ ಹುಳವೂ ಪ್ಯೂಪಾವೂ ಮೇಲೆ ನಿಲ್ಲುತ್ತವೆ. ದುಂಬಿಗಳನ್ನು ಮಾತ್ರ ಇರುವೆಗೆ ಹಾಕಬೇಡಿ. ಅವುಗಳ ಮೈಯಲ್ಲಿ ಘಾಟು ವಾಸನೆಯ ರಸಾಯನವಿದೆ, ಹಿಟ್ಟು ಗುಲಾಬಿ ಬಣ್ಣಕ್ಕೆ ತಿರುಗುವುದೂ ಅದರಿಂದಲೇ. ಹಾಗೆ ತಿರುಗಿದರೆ ಹಿಟ್ಟು ಬದಲಾಯಿಸುವ ಹೊತ್ತಾಯಿತು ಅಂತ ಅರ್ಥ. ಈ ಡಬ್ಬಿ ಅಡುಗೆಮನೆಯ ಹತ್ತಿರವೂ ಸುಳಿಯಬಾರದು. ನಮ್ಮಲ್ಲಿ ಬಾಲ್ಕನಿಯಲ್ಲಿದೆ, ಬಾಯಿಗೆ ದಟ್ಟ ಬಟ್ಟೆ ಕಟ್ಟಿದ ಗಾಜಿನ ಭರಣಿಯಲ್ಲಿ.

ಹಣ್ಣಿನ ನೊಣ ಬೆಳೆಸುವವರೂ ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೋಫಿಲಾ ಅನ್ನುವ ಈ ನೊಣಗಳ ಸಂಗ್ರಹ ಕೇಂದ್ರವೇ ಇದೆ. ನಮ್ಮ ಕಡೆಯ ಪ್ರಯೋಗಾಲಯಗಳಲ್ಲಿ ಅವುಗಳ ಊಟವೆಂದರೆ ರವೆ, ಬೆಲ್ಲ, ಅಗರ್, ಜೊತೆಗೆ ಬೂಷ್ಟು ತಡೆಯಲು ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಆದರೆ ಎರಡು ಮೂರು ವಾರಕ್ಕೊಮ್ಮೆ ಹೊಸ ಬಾಟಲಿ ಕಟ್ಟುತ್ತಲೇ ಇರಬೇಕು. ನನಗೆ ಅದು ಆಗಲಿಲ್ಲ.

ಊಟ ಹಾಕುವ ದಿನ ಹುಳವನ್ನು ಜೀವಂತ ಬಿಡುವುದಿಲ್ಲ. ಎರಡು ದಿನ ಫ್ರೀಜರಿನಲ್ಲಿಟ್ಟದ್ದನ್ನು ಹೊರಗೆ ತೆಗೆದು, ತಣ್ಣಗಿನದು ಹೋದ ಮೇಲೆ ಬ್ಲೇಡಿನಲ್ಲಿ ಅಡ್ಡ ಕೊಯ್ದು ಇಡುತ್ತೇನೆ. ಜ್ವರದಿಂದ ಆಗಷ್ಟೇ ಎದ್ದ ಬಿಳಿ ಹುಳವೋ ಪ್ಯೂಪಾವೋ ಆದರೆ ಇನ್ನೂ ಒಳ್ಳೆಯದು, ಚರ್ಮ ಮೆತ್ತಗಿರುತ್ತದೆ. ಮೊದಲು ಒಂದು ಸಣ್ಣ ಕೆಲಸಗಾರ್ತಿ ಬರುತ್ತಾಳೆ. ಮೀಸೆಯಿಂದ ತಟ್ಟಿ ನೋಡಿ, ಕೊಯ್ದ ಜಾಗದ ಬಿಳಿ ರಸಕ್ಕೆ ಬಾಯಿ ಹಚ್ಚಿ ಅಲ್ಲಾಡದೆ ನಿಲ್ಲುತ್ತಾಳೆ. ಹೊಟ್ಟೆಯ ಕಪ್ಪು ಪಟ್ಟಿಗಳು ಒಂದೊಂದಾಗಿ ಬೇರಾಗಿ ನಡುವಿನ ತೆಳು ಪೊರೆ ಕಾಣಿಸುತ್ತದೆ. ತುಂಬಿದ ಹೊಟ್ಟೆಯಲ್ಲಿ ಗೂಡಿಗೆ ಓಡಿ ಎದುರು ಸಿಕ್ಕವಳ ಬಾಯಿಗೆ ಬಾಯಿಟ್ಟು ಹನಿ ಕೊಡುತ್ತಾಳೆ. ಐದೇ ನಿಮಿಷಕ್ಕೆ ಹಾದಿಯಲ್ಲಿ ಹತ್ತು ಇರುವೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. 200 ಇರುವೆಗಳ ನನ್ನ ದೊಡ್ಡ ಗೂಡಿಗೆ ವಾರಕ್ಕೆ ನಾಲ್ಕು ಹುಳ ಸಾಕು, ಮರಿ ಹೆಚ್ಚಿದ್ದಾಗ ಆರು. ಉಳಿದದ್ದನ್ನು ಮಾರನೇ ದಿನ ಚಿಮಟದಲ್ಲಿ ತೆಗೆಯುತ್ತೇನೆ.

ಈ ವರ್ಷದ ಮಳೆಗೆ ಇನ್ನೊಂದು ರಾಣಿ ಸಿಕ್ಕಿದಳು. ಮೊದಲ ಆರು ಕೆಲಸಗಾರ್ತಿಯರು ಹೊರಬಂದು ಎರಡು ವಾರವಾಯಿತು. ಮೊನ್ನೆ ಅವರಿಗೆ ಹಿಟ್ಟಿನ ಹುಳದ ಒಂದು ಪ್ಯೂಪಾ ಇಡುತ್ತಿದ್ದಾಗ ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಇವುಗಳ ಮರಿಗೂ ಜ್ವರ ಬರುತ್ತೇನೋ?"

"ಬರುತ್ತಮ್ಮ. ಅವೂ ಪೊರೆ ಬಿಡುತ್ತವೆ."

"ಮತ್ತೆ ಈಗ ಊಟ ಇಡ್ತಿದ್ದೀಯಲ್ಲ?"

"ರೇಷ್ಮೆ ಹುಳದ ಹಾಗೆ ಎಲ್ಲ ಒಟ್ಟಿಗೆ ಕೂರಲ್ಲಮ್ಮ. ಒಂದು ಕೂತಿರುತ್ತೆ, ಪಕ್ಕದ್ದು ಹಸಿದಿರುತ್ತೆ."

ಅಮ್ಮ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹಿಡಿದುಕೊಂಡು, ಯಾವುದು ಹಸಿದಿದೆ ಅಂತ ಹುಡುಕುತ್ತಾ ಅಲ್ಲೇ ಕೂತಳು.