ಕೂಸಿಗೊಂದು ಲೇಸ್ ಡೈಪರ್ ಕವರ್: ಮೂರನೇ ಸಾಲಿನ ಲೆಕ್ಕ ತಪ್ಪದಿರಲಿ

ಟೋಪಿ, ಕಾಲುಚೀಲ, ಸ್ವೆಟರ್ ಹೆಣೆದು ಕೈ ಪಳಗಿದವರೂ ಡೈಪರ್ ಕವರ್‌ಗೆ ಬಂದಾಗ ಎಡವುತ್ತಾರೆ. ನಾನು ನೋಡಿದ ಹಾಗೆ ಎಡವುವುದು ಎರಡೇ ಕಡೆ. ಒಂದು, ಇಡೀ ಕವರನ್ನೇ ಲೇಸ್ ಮಾಡಿಬಿಡುತ್ತಾರೆ. ತೊಡೆಸಂದಿಯಲ್ಲೂ ತೂತು, ಕಾಲಿನ ಅಂಚಿನಲ್ಲೂ ತೂತು. ಹಾಕಿಸುವಾಗ ಕೂಸಿನ ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಂಡು ಅಳು ಶುರು. ಇನ್ನೊಂದು, ಲೇಸ್ ಸಾಲಿನಲ್ಲಿ ಲೆಕ್ಕ ತಪ್ಪುತ್ತದೆ. 54 ಇರಬೇಕಾದ ಸ್ಟಿಚ್ (ಕಡ್ಡಿಯ ಮೇಲಿನ ಕುಣಿಕೆ) 51 ಆಗುತ್ತದೆ, ಆಮೇಲೆ ಎಲ್ಲಾದರೂ ಮೂರು ಸೇರಿಸಿ ಸರಿ ಮಾಡಿಕೊಂಡರಾಯಿತು ಅಂತ ಮುಂದೆ ಹೋಗುತ್ತಾರೆ. ಸರಿ ಆಗಲ್ಲ. ಡಿಸೈನ್ ಒಂದು ಕಡೆಗೆ ವಾಲಿಕೊಂಡು ಹೋಗುತ್ತದೆ.

ಅದಕ್ಕೇ ಇಲ್ಲಿ ಹೇಳುತ್ತಿರುವ ಕವರ್‌ನಲ್ಲಿ ಲೇಸ್ ಇರುವುದು ಹಿಂಭಾಗದಲ್ಲಿ ಮಾತ್ರ, ಅದೂ ನಡುವಿನ 18 ಸ್ಟಿಚ್‌ನಲ್ಲಿ. ಮುಂಭಾಗ, ತೊಡೆಸಂದಿ, ಅಂಚು ಎಲ್ಲ ಗಟ್ಟಿ ಹೆಣಿಗೆ. ಕೂಸು ಅಂಬೆಗಾಲಿಡುವಾಗ ಎದ್ದು ಕಾಣುವುದು ಹಿಂಭಾಗವೇ ಅಲ್ವಾ? ಮುಂಭಾಗಕ್ಕೂ ಲೇಸ್ ಬೇಕು ಅಂತ ಹಟ ಮಾಡಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಒದ್ದೆ ತಡೆಯುವುದಿಲ್ಲ. ಒಳಗೆ ಬಟ್ಟೆಯ ಲಂಗೋಟಿಯೋ ಡೈಪರೋ ಇರಲೇಬೇಕು. ಇದು ಅದರ ಮೇಲಿನ ಚಂದ ಅಷ್ಟೇ.

ದಾರ ಮತ್ತು ಕಡ್ಡಿ

3ರಿಂದ 6 ತಿಂಗಳ ಕೂಸಿಗೆ ಡಬಲ್ ನಿಟ್ ದಪ್ಪದ (ತೀರಾ ಸಣ್ಣದೂ ಅಲ್ಲ, ದಪ್ಪವೂ ಅಲ್ಲದ) ಹತ್ತಿ ದಾರ 100 ಗ್ರಾಂ ಸಾಕು. ಸ್ವಲ್ಪ ಉಳಿಯುತ್ತದೆ. ನಮ್ಮ ಸೆಖೆಗೆ ಹತ್ತಿಯೇ ಸರಿ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿರುವವರು ಮೆತ್ತಗಿನ ನಿಜವಾದ ಉಣ್ಣೆ ಬಳಸಬಹುದು. ಆದರೆ ಅಂಗಡಿಯಲ್ಲಿ ‘ಉಲ್ಲನ್’ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಚೀಟಿ ಓದಿ. ಚೀಟಿ ಇಲ್ಲದಿದ್ದರೆ ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಕೈಯಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಅದನ್ನು ಕೂಸಿನ ಸೊಂಟಕ್ಕೆ ಹಾಕಿದರೆ ಬೆವರುಸಾಲೆ. ಜರಿ ಮಿಶ್ರದ ದಾರ ಚುಚ್ಚುತ್ತದೆ. ಕೂದಲಿನಂಥ ಎಳೆ ಎದ್ದಿರುವ ದಾರವಾದರೆ ಆ ಎಳೆ ಕೂಸಿನ ಬಾಯಿಗೆ ಹೋಗುತ್ತದೆ. ಎಷ್ಟೇ ಚಂದ ಕಂಡರೂ ಎರಡೂ ಬೇಡ.

ಕಡ್ಡಿ ಎರಡು ಜೊತೆ: ಮೈಗೆ 8 ನಂಬರ್, ಪಟ್ಟಿಗಳಿಗೆ 10 ನಂಬರ್. ನಮ್ಮಲ್ಲಿ ಸಿಗುವುದು ಹಳೆಯ ಬ್ರಿಟಿಷ್ ನಂಬರ್. ಅದರಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಅಮೆರಿಕದ ನಂಬರ್ ಇದಕ್ಕೆ ಉಲ್ಟಾ, ಅಲ್ಲಿಯ 8 ನಂಬರ್ ಎಂದರೆ 5 ಮಿ.ಮೀ. ಅಮೆರಿಕದ ಡಿಸೈನ್ ನೋಡಿಕೊಂಡು ಇಲ್ಲಿಯ ಕಡ್ಡಿಯಲ್ಲಿ ಹೆಣೆದು ‘ಯಾಕೆ ಚಿಕ್ಕದಾಯ್ತು’ ಅಂತ ತಲೆ ಕೆಡಿಸಿಕೊಂಡವರು ಎಷ್ಟೋ ಮಂದಿ. ಮಿಲಿಮೀಟರ್ ನೋಡಿ, ನಂಬರ್ ಮರೆತುಬಿಡಿ. ಬಿದಿರಿನ ಕಡ್ಡಿ ಸಿಕ್ಕರೆ ಅದೇ ಒಳ್ಳೆಯದು, ಸ್ಟಿಚ್ ಜಾರುವುದಿಲ್ಲ. ಮೊಂಡು ತುದಿಯ ಪ್ಲಾಸ್ಟಿಕ್ ಕಡ್ಡಿಯಲ್ಲಿ ಲೇಸ್ ಹೆಣೆಯಲು ಹೋಗಲೇಬೇಡಿ.

ಮೊದಲು ಒಂದು ಚೌಕ ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು ಬರಬೇಕು. ಸ್ಟಿಚ್ ಜಾಸ್ತಿ ಬಂದರೆ ಕಡ್ಡಿ ದಪ್ಪ ಮಾಡಿ, ಕಮ್ಮಿ ಬಂದರೆ ಸಣ್ಣ ಮಾಡಿ.

ಮುಂಭಾಗ: ಬೇಗ ಮುಗಿಯುವ ಕೆಲಸ

10 ನಂಬರ್ ಕಡ್ಡಿಯಲ್ಲಿ 54 ಸ್ಟಿಚ್ ಹಾಕಿ. 1 ನಿಟ್ (ಸೀದಾ ಸ್ಟಿಚ್), 1 ಪರ್ಲ್ (ಉಲ್ಟಾ ಸ್ಟಿಚ್) ಪಟ್ಟಿ 4 ಸಾಲು. ಐದನೇ ಸಾಲು ಎಲಾಸ್ಟಿಕ್ ಪೋಣಿಸುವ ತೂತುಗಳಿಗೆ: 1 ನಿಟ್, (ದಾರ ಮುಂದೆ, 2 ಸೇರಿಸಿ ನಿಟ್) 26 ಸಲ, 1 ನಿಟ್. ‘ದಾರ ಮುಂದೆ’ ಎಂದರೆ ದಾರವನ್ನು ಮುಂದೆ ತಂದು ಕಡ್ಡಿಯ ಮೇಲೆ ಹಾಯಿಸುವುದು, ಅಲ್ಲಿ ಒಂದು ತೂತು, ಒಂದು ಹೊಸ ಸ್ಟಿಚ್ ಬರುತ್ತದೆ. ಮತ್ತೆ ಪಟ್ಟಿ 5 ಸಾಲು. 8 ನಂಬರ್ ಕಡ್ಡಿಗೆ ಬದಲಿಸಿ, ಮುಂಬದಿ ನಿಟ್, ಹಿಂಬದಿ ಪರ್ಲ್, 16 ಸಾಲು.

ಈಗ ಕಾಲಿನ ಆಕಾರ. ಪ್ರತಿ ನಿಟ್ ಸಾಲಿನಲ್ಲೂ ಎರಡೂ ತುದಿಯಲ್ಲಿ ಒಂದೊಂದು ಕಮ್ಮಿ ಮಾಡುತ್ತಾ ಹೋಗಿ, 16 ಸಲ. ತುದಿಯ 2 ಸ್ಟಿಚ್ ಬಿಟ್ಟು ಒಳಗೆ ಕಮ್ಮಿ ಮಾಡಿದರೆ ಅಂಚು ನೀಟಾಗಿರುತ್ತದೆ. 22 ಸ್ಟಿಚ್ ಉಳಿದಾಗ 10 ಸಾಲು ನೇರವಾಗಿ ಹೆಣೆಯಿರಿ. ಇದೇ ತೊಡೆಸಂದಿ. ಇದನ್ನು 22ಕ್ಕಿಂತ ಸಣ್ಣ ಮಾಡಬೇಡಿ, ಪಕ್ಕದಿಂದ ಲಂಗೋಟಿ ಇಣುಕುತ್ತದೆ.

ಹಿಂಭಾಗ: ಇಲ್ಲಿ ನಿಧಾನ

ಕಮ್ಮಿ ಮಾಡಿದ ಹಾಗೇ ಈಗ ಪ್ರತಿ ನಿಟ್ ಸಾಲಿನಲ್ಲೂ ಎರಡು ಕಡೆ ಒಂದೊಂದು ಜಾಸ್ತಿ ಮಾಡಿ. ಎರಡು ಸ್ಟಿಚ್‌ಗಳ ನಡುವಿನ ಅಡ್ಡ ದಾರವನ್ನು ಎತ್ತಿ, ತಿರುಚಿ ಹೆಣೆದರೆ ತೂತು ಬೀಳುವುದಿಲ್ಲ. ಆರು ಸಲ ಜಾಸ್ತಿ ಮಾಡಿದಾಗ 34 ಆಗುತ್ತದೆ. ಒಂದು ಪರ್ಲ್ ಸಾಲು ಮುಗಿಸಿ ಕಡ್ಡಿಗೆ ಎರಡು ಗುರುತಿನ ಉಂಗುರ ಹಾಕಿ: 8 ಸ್ಟಿಚ್, ಉಂಗುರ, 18 ಸ್ಟಿಚ್, ಉಂಗುರ, 8 ಸ್ಟಿಚ್. ಬೇರೆ ಬಣ್ಣದ ದಾರದ ಕುಣಿಕೆಯಾದರೂ ಆದೀತು.

ಉಂಗುರದ ಹೊರಗೆ ಎರಡೂ ಕಡೆ ಹೆಚ್ಚಾಗುತ್ತಾ ಹೋಗುತ್ತದೆ. ಒಳಗೆ ಮಾತ್ರ ಯಾವಾಗಲೂ 18. ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಗೆದ್ದ ಹಾಗೆ. ಒಳಗಿನ ಲೇಸ್ ನಾಲ್ಕು ಸಾಲಿನದು:

ಸಾಲು 1: ನಿಟ್.
ಸಾಲು 2: ಪರ್ಲ್.
ಸಾಲು 3: (2 ಸೇರಿಸಿ ನಿಟ್) 3 ಸಲ, (ದಾರ ಮುಂದೆ, 1 ನಿಟ್) 6 ಸಲ, (2 ಸೇರಿಸಿ ನಿಟ್) 3 ಸಲ.
ಸಾಲು 4: ಹಿಂಬದಿಯಿಂದಲೇ ನಿಟ್. ಇದು ಉಂಗುರದ ಒಳಗೆ ಮಾತ್ರ, ಹೊರಗಿನ ಸ್ಟಿಚ್‌ಗಳು ಎಂದಿನಂತೆ ಪರ್ಲ್.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹಳೆಯ ಡಿಸೈನ್ ಇದು. ಬೆರಳಿನ ಉಂಗುರದೊಳಗೆ ತೂರುವಷ್ಟು ನವುರಾದ ಶಾಲುಗಳಿಗೆ ಹೆಸರಾದ ಊರು. ನಾಲ್ಕರಲ್ಲಿ ಒಂದೇ ಸಾಲಿಗೆ ಗಮನ ಕೊಟ್ಟರೆ ಸಾಕು, ಅಲೆ ಅಲೆಯಾಗಿ ಬರುತ್ತದೆ.

ಆ ಒಂದು ಸಾಲಿನ ಲೆಕ್ಕ ನೋಡಿ. ಎರಡು ಬದಿಯಲ್ಲಿ ಮೂರು ಮೂರು ಸಲ ಸೇರಿಸುವುದರಿಂದ ಆರು ಸ್ಟಿಚ್ ಹೋಗುತ್ತದೆ. ನಡುವೆ ಆರು ಸಲ ದಾರ ಮುಂದೆ ತರುವುದರಿಂದ ಆರು ಬರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಸರಿ. ಮೂರನೇ ಸಾಲು ಮುಗಿದ ಕೂಡಲೇ ಕಡ್ಡಿ ಕೆಳಗಿಟ್ಟು ಬೆರಳಿಟ್ಟು ಎಣಿಸಿ: 3, ನಡುವೆ 12, ಮತ್ತೆ 3. ನಡುವಿನ 12ರಲ್ಲಿ ಒಂದು ಓರೆಯಾಗಿ ಮಲಗಿದ ಬರೀ ದಾರ, ಒಂದು ನೆಟ್ಟಗಿನ ಸ್ಟಿಚ್, ಹೀಗೆ ಜೋಡಿ ಜೋಡಿಯಾಗಿ ಕಾಣಬೇಕು. ಟಿ.ವಿ. ನೋಡುತ್ತಾ ಈ ಸಾಲು ಹೆಣೆಯಬೇಡಿ. ಮಿಕ್ಕ ಮೂರು ಸಾಲಿಗೆ ಧಾರಾವಾಹಿ ಆಗಬಹುದು.

ನಡುವೆ 12ರ ಬದಲು 11 ಬಂತೇ? ಎರಡು ನೆಟ್ಟಗಿನ ಸ್ಟಿಚ್ ಪಕ್ಕ ಪಕ್ಕ ಕೂತಿರುವ ಜಾಗ ಹುಡುಕಿ. ದಾರ ಮುಂದೆ ತರಲು ಮರೆತದ್ದು ಅಲ್ಲೇ. ಬಿಚ್ಚಬೇಕಾಗಿಲ್ಲ. ನಾಲ್ಕನೇ ಸಾಲಿನಲ್ಲಿ ಆ ಜಾಗಕ್ಕೆ ಬಂದಾಗ ಎರಡು ಸ್ಟಿಚ್ ನಡುವಿನ ಅಡ್ಡ ದಾರವನ್ನು ಎಡಗಡ್ಡಿಗೆ ಎತ್ತಿಕೊಂಡು ಹೆಣೆಯಿರಿ, ತಿರುಚಬೇಡಿ. ತೂತು ಸ್ವಲ್ಪ ಚಿಕ್ಕದಾಗುತ್ತದೆ, ಒಗೆದ ಮೇಲೆ ಗೊತ್ತಾಗುವುದಿಲ್ಲ. 13 ಬಂದು, ಎರಡು ಬರೀ ದಾರ ಒಟ್ಟಿಗೆ ಇದ್ದರೆ ಒಂದನ್ನು ಸುಮ್ನೆ ಕಡ್ಡಿಯಿಂದ ಬೀಳಿಸಿ. ತುದಿಯಲ್ಲಿ 3ರ ಬದಲು 4 ಇದ್ದರೆ ಸೇರಿಸುವುದು ಬಿಟ್ಟುಹೋಗಿದೆ. ಅದಕ್ಕೆ ಮಾತ್ರ ಅಲ್ಲಿಯವರೆಗೆ ಹಿಂದಕ್ಕೆ ಬಿಚ್ಚಿ. ಮುಂದಿನ ಸಾಲಿನಲ್ಲಿ ಸೇರಿಸಿಕೊಳ್ಳುವ ಅಡ್ಡದಾರಿ ಹಿಡಿದರೆ ಆ ಗಂಟು ಕಣ್ಣಿಗೆ ಹೊಡೆಯುತ್ತದೆ.

ಹತ್ತಿ ದಾರ ಉಣ್ಣೆಯಂತೆ ಎಳೆದರೆ ಬರುವುದಿಲ್ಲ. ಎರಡನೇ ಸಾಲನ್ನು ಬಿಗಿಯಾಗಿ ಹೆಣೆದವರಿಗೆ ಮೂರನೇ ಸಾಲಿನಲ್ಲಿ ಎರಡು ಸ್ಟಿಚ್‌ಗೆ ಒಟ್ಟಿಗೆ ಕಡ್ಡಿ ತೂರುವುದೇ ಇಲ್ಲ. ಕಷ್ಟಪಟ್ಟು ತೂರಿಸಿದರೆ ದಾರದ ಎಳೆ ಸೀಳಿಕೊಳ್ಳುತ್ತದೆ. ಎರಡನೇ ಸಾಲು ಪರ್ಲ್ ಮಾಡುವಾಗ ಸ್ಟಿಚ್ ಕಡ್ಡಿಯ ತುದಿಯಲ್ಲಿ ಇರಬಾರದು, ದಪ್ಪ ಭಾಗದ ತನಕ ಹೋಗಬೇಕು.

ಮೊದಲ ಸಲ ಮಾಡುವವರು ಎಂಟು ಸಾಲಿಗೊಮ್ಮೆ, ನಾಲ್ಕನೇ ಸಾಲು ಮುಗಿದ ಮೇಲೆ, ಸೂಜಿಯಲ್ಲಿ ಹೊಲಿಯುವ ದಾರ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಸ್ಟಿಚ್ ಒಳಗಿಂದ ಎಳೆದುಬಿಡಿ. ದಾರ ಉಂಗುರದೊಳಗೆ ಮಾತ್ರ ಹೋಗಬಾರದು. ಮುಂದೆ ಎಲ್ಲಾದರೂ ಕೆಟ್ಟರೆ ಧೈರ್ಯವಾಗಿ ಬಿಚ್ಚಿ, ಆ ದಾರದ ಹತ್ತಿರ ಬಂದು ತಾನೇ ನಿಲ್ಲುತ್ತದೆ.

ಜಾಸ್ತಿ ಮಾಡುವುದು ಇನ್ನೂ 10 ಸಲ ಇದೆ. ಅಂದರೆ 20 ಸಾಲು, ಲೇಸ್ ಐದು ಆವರ್ತಿ. 54 ಆದ ಮೇಲೆ ಹಾಗೇ ಇನ್ನೂ ನಾಲ್ಕು ಆವರ್ತಿ, 16 ಸಾಲು. ಉಂಗುರ ತೆಗೆಯಿರಿ.

ಕೂಸಿನ ಹಿಂಭಾಗ ಉಬ್ಬಿರುತ್ತದೆ, ಒಳಗೆ ಲಂಗೋಟಿಯೂ ಇರುತ್ತದೆ. ಹಾಗಾಗಿ ಹಿಂದೆ ಸ್ವಲ್ಪ ಎತ್ತರ ಬೇಕು. 46 ನಿಟ್, ತಿರುಗಿಸಿ. 38 ಪರ್ಲ್, ತಿರುಗಿಸಿ. 30 ನಿಟ್, ತಿರುಗಿಸಿ. 22 ಪರ್ಲ್, ತಿರುಗಿಸಿ. ಕೊನೆಯವರೆಗೆ ನಿಟ್, ಆಮೇಲೆ ಪೂರ್ತಿ ಒಂದು ಪರ್ಲ್ ಸಾಲು. ತಿರುಗಿಸುವಾಗ ಪಕ್ಕದ ಸ್ಟಿಚ್‌ಗೆ ದಾರ ಒಂದು ಸುತ್ತು ಹಾಕಿ. ಹಿಂದಿನ ಈ ಎತ್ತರವನ್ನೇ ಬಿಟ್ಟರೂ ನಡೆಯುತ್ತದೆ ಅನ್ನುವವರಿದ್ದಾರೆ. ನಡೆಯುತ್ತದೆ, ಕೂಸು ಬಗ್ಗಿದಾಗಲೆಲ್ಲ ಕವರ್ ಕೆಳಗೆ ಜಾರುತ್ತದೆ. 10 ನಂಬರ್ ಕಡ್ಡಿಯಲ್ಲಿ ಮುಂಭಾಗದಂತೆಯೇ ಸೊಂಟದ ಪಟ್ಟಿ ಹೆಣೆದು ಸಡಿಲವಾಗಿ ಮುಗಿಸಿ.

ಕಾಲಿನ ಪಟ್ಟಿ, ಜೋಡಣೆ

ಪಕ್ಕ ಹೊಲಿಯುವ ಮೊದಲೇ ಕಾಲಿನ ಪಟ್ಟಿ ಮಾಡಿ, ಆಗ ಅಂಚು ನೇರವಾಗಿ ಹರಡಿಕೊಂಡಿರುತ್ತದೆ. 10 ನಂಬರ್ ಕಡ್ಡಿಯಲ್ಲಿ ಅಂಚಿನುದ್ದಕ್ಕೂ 56 ಸ್ಟಿಚ್ ಎತ್ತಿಕೊಳ್ಳಿ, ಸುಮಾರು ನಾಲ್ಕು ಸಾಲಿಗೆ ಮೂರರಂತೆ. ಸಾಲಿಗೊಂದು ಎತ್ತಿದರೆ ಅಂಚು ಜಾಲರಿಯಂತೆ ಹರಡಿಕೊಳ್ಳುತ್ತದೆ. ಪಟ್ಟಿ 5 ಸಾಲು. ಮುಗಿಸುವಾಗ 8 ನಂಬರ್ ಕಡ್ಡಿ ಹಿಡಿಯಿರಿ. ಇಲ್ಲಿ ಬಿಗಿಯಾದರೆ ತೊಡೆಯ ಮೇಲೆ ಕೆಂಪು ಗೆರೆ ಬೀಳುತ್ತದೆ. ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಎರಡೂ ಪಕ್ಕ ಚಪ್ಪಟೆಯಾಗಿ ಹೊಲಿಯಿರಿ.

ಒಳಗಿನ ದಾರದ ತುದಿಗಳನ್ನು ಮಾತ್ರ ಸೋಮಾರಿತನ ಮಾಡದೆ ಹೆಣಿಗೆಯೊಳಗೇ ಎರಡು ದಿಕ್ಕಿಗೆ ಪೋಣಿಸಿ ಕತ್ತರಿಸಿ. ಗಂಟು ಹಾಕಿ ಬಿಡಬೇಡಿ. ಸಡಿಲ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡುವುದೇ ನಿಂತುಹೋಗಬಹುದು. ಸೊಂಟಕ್ಕೆ ರಿಬ್ಬನ್, ಲಾಡಿ, ಮಣಿ, ಚಿಟ್ಟೆಯ ಗುಂಡಿ ಯಾವುದೂ ಬೇಡ. ಫೋಟೋದಲ್ಲಿ ಚಂದ, ಕೈಗೆ ಸಿಕ್ಕರೆ ನೇರ ಬಾಯಿಗೆ. ಅರ್ಧ ಸೆಂಟಿಮೀಟರ್ ಅಗಲದ ಎಲಾಸ್ಟಿಕ್, ಕೂಸಿನ ಸೊಂಟಕ್ಕಿಂತ 3 ಸೆಂ.ಮೀ. ಕಮ್ಮಿ ಉದ್ದ. ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯಿರಿ. ಕೂಸು ಬೆಳೆದಂತೆ ಇದೊಂದನ್ನೇ ಬದಲಿಸಬಹುದು.

ಕೊಡುವ ಮೊದಲು ತಣ್ಣೀರಿನಲ್ಲಿ ಒಗೆಯಿರಿ, ಕಡು ಬಣ್ಣವಾದರೆ ಬೇರೆ ಬಟ್ಟೆ ಜೊತೆ ಹಾಕಬೇಡಿ. ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ, ಲೇಸ್ ಅಲೆಗಳನ್ನು ಬೆರಳಿನಿಂದ ಎಳೆದು ಬಿಡಿಸಿ ಒಣಗಿಸಿ. ಹಗ್ಗಕ್ಕೆ ನೇತು ಹಾಕಿದರೆ ಉದ್ದವಾಗುತ್ತದೆ, ಇಸ್ತ್ರಿ ಇಟ್ಟರೆ ಅಲೆ ಚಪ್ಪಟೆಯಾಗುತ್ತದೆ.