ಸಿಂಟ್ಯಾಕ್ಸ್ ಅಂಕ ಹಾಕುವ ಕ್ರಮ

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹೃದ್ರೋಗಿಗಳು ಆಂಜಿಯೋಗ್ರಾಮ್ ಸಿ.ಡಿ. ಹಿಡಿದು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗುವುದುಂಟು. ಸ್ಟೆಂಟೋ, ಬೈಪಾಸೋ ಎಂಬ ಪ್ರಶ್ನೆ ಎದುರಾದಾಗ ವೈದ್ಯರು ಅದೇ ಚಿತ್ರಗಳಿಂದ ಲೆಕ್ಕ ಹಾಕುವುದು, ಹೃದಯದ ರಕ್ತನಾಳಗಳ ತಡೆಗಳು ಎಷ್ಟು ಜಟಿಲವೆಂದು ತೋರಿಸುವ ಸಿಂಟ್ಯಾಕ್ಸ್ ಅಂಕವನ್ನು.

ಹೃದಯದ ಕೆಳ ಹಿಂಭಾಗಕ್ಕೆ ರಕ್ತ ಒಯ್ಯುವ ಕವಲು ಬಲ ಧಮನಿಯಿಂದ ಹೊರಡುತ್ತದೆಯೋ ಎಡದಿಂದಲೋ ಎಂಬುದನ್ನು ಮೊದಲು ಗುರುತಿಸಬೇಕು; ನಾಳದ ಪ್ರತಿ ಭಾಗದ ತೂಕಾಂಕ, ಅಂದರೆ ಆ ಭಾಗದ ರಕ್ತಪೂರೈಕೆಯ ಮಹತ್ವಕ್ಕೆ ತಕ್ಕಂತೆ ನಿಗದಿಯಾದ ಅಂಕ, ಅದನ್ನು ಅವಲಂಬಿಸಿದೆ. ಬಳಿಕ, ಕನಿಷ್ಠ 1.5 ಮಿ.ಮೀ. ಅಗಲದ ನಾಳಗಳಲ್ಲಿ ವ್ಯಾಸವು ಶೇ. 50ರಷ್ಟಾದರೂ ಕಿರಿದಾದ ಜಾಗಗಳನ್ನು ಮಾತ್ರ ಆಯ್ದು, ಪೂರ್ತಿ ಮುಚ್ಚಿದ್ದರೆ ತೂಕಾಂಕವನ್ನು 5ರಿಂದ, ಇಲ್ಲವಾದರೆ 2ರಿಂದ ಗುಣಿಸಬೇಕು.

ಬಲಪ್ರಧಾನ ಹೃದಯದಲ್ಲಿ (ಆ ಕವಲು ಬಲ ಧಮನಿಯಿಂದ ಹೊರಡುವಂಥದ್ದು) ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ಧಮನಿಯ ಆರಂಭದ ಭಾಗದ ತೂಕಾಂಕ 3.5. ಅಲ್ಲಿ ಶೇ. 80ರ ತಡೆಯಿದ್ದರೆ 7 ಅಂಕ, ಶೇ. 60 ಇದ್ದರೂ 7 ಅಂಕವೇ, ಏಕೆಂದರೆ ಇಲ್ಲಿ ಅಳೆಯುವುದು ಮುಖ್ಯವಾಗಿ ಜಟಿಲತೆಯನ್ನು. ತಡೆ 20 ಮಿ.ಮೀ. ಮೀರಿ ಉದ್ದವಿದ್ದರೆ 1, ಸುಣ್ಣದಂಶ ದಟ್ಟವಾಗಿ ಕಟ್ಟಿದ್ದರೆ 2 ಸೇರಿ ಮೊತ್ತ 10 ಆಗುತ್ತದೆ. ಕವಲು, ಅಂಕುಡೊಂಕು, ರಕ್ತದ ಹೆಪ್ಪುಗಳಿಗೂ ಅಂಕಗಳುಂಟು.

ಎಲ್ಲ ತಡೆಗಳ ಮೊತ್ತ 22ರವರೆಗೆ ಕಡಿಮೆ, 23ರಿಂದ 32 ಮಧ್ಯಮ, 33 ಮತ್ತು ಮೇಲ್ಪಟ್ಟು ಹೆಚ್ಚು. ಮೂರೂ ನಾಳಗಳ ರೋಗದಲ್ಲಿ ಅಂಕ ಏರಿದಷ್ಟೂ ಬೈಪಾಸ್ ಕಡೆಗೆ ಒಲವು ಹೆಚ್ಚುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ ಈ ಲೆಕ್ಕದೊಳಗಿಲ್ಲವಾದ್ದರಿಂದ ಅವನ್ನು ಪ್ರತ್ಯೇಕವಾಗಿ ತೂಗಲೇಬೇಕು. ಹಿಂದೆ ಬೈಪಾಸ್ ಆದವರಿಗೆ ಈ ವಿಧಾನ ಒಗ್ಗದು.

ಕವಲಿನ ತಡೆಗಳನ್ನು ಇಬ್ಬರು ವೈದ್ಯರು ಒಂದೇ ರೀತಿ ಎಣಿಸುತ್ತಾರೆಂದು ಹೇಳಲಾಗದು. ಆದಕಾರಣ ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಹಾಳೆಯೊಂದೇ ಸಾಲದು, ಸಿ.ಡಿ.ಯನ್ನೂ ಒಯ್ಯಬೇಕು.